ಅಪ್ಪ ಕತ್ತರಿಸಿದ ಸಾಲುಗಳು

ಅಪ್ಪನ ಕಂಪ್ಯೂಟರಿನಲ್ಲಿ ನನ್ನ ಹೆಸರು ಕಂಡಾಗ ನಾನು ಮೊದಲು ಮಾಡಿದ್ದು ಎದ್ದು ಹೋಗಿ ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದದ್ದು. ಯಾಕೆ ಹಾಗೆ ಮಾಡಿದೆನೆಂದು ಈಗಲೂ ಸರಿಯಾಗಿ ಹೇಳಲಾರೆ. ಮಧ್ಯಾಹ್ನ ಮೂರರ ಹೊತ್ತು. ಅಪ್ಪ ಪತ್ರ ಬರೆಸಲು ಬಂದಿದ್ದ ಒಂದು ಪಾರ್ಟಿಯ ಜೊತೆ ಎದುರಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿದ್ದರು. ನಾನು ಮತ್ತೆ ಬಂದು ಕೂತು, ಆ ಸಾಲನ್ನು ಇನ್ನೊಮ್ಮೆ ಓದಿದೆ. ನನ್ನ ಹೆಸರು, ಅಪ್ಪನ ಹೆಸರು, ನನ್ನ ವಯಸ್ಸು, ಶಿಡ್ಲಘಟ್ಟದ ನಮ್ಮ ಮನೆಯ ವಿಳಾಸ. ಅದಾದ ಮೇಲೆ, 'ಆದ ನಾನು ನನ್ನ ಸ್ವ-ಇಚ್ಛೆಯಿಂದ, ಯಾರ ಒತ್ತಾಯವಾಗಲಿ ಪ್ರೇರಣೆಯಾಗಲಿ ಇಲ್ಲದೆ, ಸ್ವಸ್ಥಚಿತ್ತಳಾಗಿ ಬರೆದುಕೊಟ್ಟ ಹಕ್ಕು ಬಿಡುಗಡೆ ಪತ್ರದ ಕ್ರಮವೇನೆಂದರೆ.'

ನಾನು ಯಾವ ಪತ್ರವನ್ನೂ ಬರೆದುಕೊಟ್ಟಿರಲಿಲ್ಲ. ಬರೆದುಕೊಡಬೇಕೆಂದು ನನ್ನನ್ನು ಯಾರೂ ಕೇಳಿಯೂ ಇರಲಿಲ್ಲ.

ಅಪ್ಪ ಪತ್ರಬರಹಗಾರರು. ಕ್ರಯ, ದಾನ, ವಿಭಾಗ, ಉಯಿಲು, ಜನ ಆಸ್ತಿಯ ವಿಷಯದಲ್ಲಿ ಒಬ್ಬರಿಗೊಬ್ಬರು ಏನೇನು ಬರೆದುಕೊಡಬಹುದೋ ಅದೆಲ್ಲವನ್ನೂ ಬರೆಯುವುದು ಅವರ ಕೆಲಸ. ಮೊದಲು ಕೈಯಲ್ಲಿ ಬರೆಯುತ್ತಿದ್ದರು. ಅವರ ಅಕ್ಷರ ಚೆನ್ನಾಗಿದೆಯೆಂದು ಚಿಂತಾಮಣಿ ಕಡೆಯಿಂದಲೂ ಜನ ಬರುತ್ತಿದ್ದರಂತೆ. ಕಂಪ್ಯೂಟರ್ ಬಂದ ಮೇಲೆ ಅಕ್ಷರದ ಮಾತು ಮುಗಿಯಿತು. ಹಳೆಯ ಪತ್ರವೊಂದನ್ನು ತೆರೆದು, ಹೆಸರು, ಸರ್ವೆ ನಂಬರು, ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿ ಬದಲಾಯಿಸಿ ಹೊಸ ಪತ್ರ ಮಾಡುವುದನ್ನು ಅವರೂ ಕಲಿತರು.

ನಾನು ಮುದ್ದೇನಹಳ್ಳಿಯ ಹತ್ತಿರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಓದಿದ್ದೂ ಅದನ್ನೇ. ವಸ್ತುಗಳು ಅವುಗಳ ಜಾಗದಲ್ಲಿ ಇದ್ದರೆ ನನಗೆ ಸಮಾಧಾನ. ಮಾತಿಗಿಂತ ಅದೇ ನನಗೆ ಸುಲಭ. ಇದೇ ಕಾರಣಕ್ಕೆ ಚಿಕ್ಕ ಚಿಕ್ಕ ಆಪ್‌ಗಳ ಮೇಲೆ ನನಗೆ ಪ್ರೀತಿ. ದೊಡ್ಡ ಸಾಫ್ಟ್‌ವೇರುಗಳ ಬಗ್ಗೆ ಹೇಳುತ್ತಿಲ್ಲ. ಎಲ್ಲೋ ಯಾರೋ ಒಬ್ಬರು ತಮ್ಮದೇ ತೊಂದರೆಗೆಂದು ಬರೆದುಕೊಂಡು, ಉಳಿದವರಿಗೂ ಇರಲಿ ಎಂದು ಬಿಟ್ಟಿರುವಂಥವು. ಒಂದು ಆಪ್ ಒಂದೇ ಕೆಲಸ ಮಾಡುತ್ತದೆ. ನೂರು ಕಡತಗಳಿಗೆ ಒಂದೇ ಏಟಿಗೆ ಹೊಸ ಹೆಸರು ಕೊಡುವುದು ಒಂದು. ಫೋಲ್ಡರುಗಳಿಗೆ ಬಣ್ಣ ಹಚ್ಚುವುದು ಒಂದು. ಎರಡು ಅಕ್ಷರ ಒತ್ತಿದರೆ ಬೇಕಾದ ಕಡತವನ್ನು ತಂದು ಮುಂದಿಡುವುದು ಇನ್ನೊಂದು. ನನ್ನ ಲ್ಯಾಪ್‌ಟಾಪಿನಲ್ಲಿ ಇಂಥವು ಹನ್ನೊಂದಿವೆ. ಗೆಳತಿಯರು ಒಡವೆ ತೋರಿಸುವಾಗ ನನಗೆ ಇವನ್ನು ತೋರಿಸಬೇಕೆನಿಸುತ್ತದೆ. ತೋರಿಸುವುದಿಲ್ಲ.

ಕಳೆದ ಸೆಮಿಸ್ಟರ್ ರಜೆಯಲ್ಲಿ ಅಪ್ಪನ ಕಂಪ್ಯೂಟರನ್ನು ಓರಣ ಮಾಡಿಕೊಡುತ್ತೇನೆಂದು ನಾನೇ ಹೇಳಿದೆ. ಅದರ ಡೆಸ್ಕ್‌ಟಾಪಿನಲ್ಲಿ ಖಾಲಿ ಜಾಗವೇ ಇರಲಿಲ್ಲ. 'ಕ್ರಯ ಹೊಸದು', 'ಕ್ರಯ ಹೊಸದು ಸರಿ', 'ದಾನ ಬೇಡ', 'ಇದೇ ಕೊನೆ', 'ಇದೇ ಕೊನೆ ೨'. ಪಕ್ಕದ ಜೆರಾಕ್ಸ್ ಅಂಗಡಿಯ ಸಾಹೇಬರು ಒಂದು ಸಲ ಇಣುಕಿ ನೋಡಿ, "ಏನಮ್ಮಾ ಇದು, ನಮ್ ರೇಷ್ಮೆಗೂಡಿನ ಮಾರ್ಕೆಟ್ಟೇ ವಾಸಿ. ಅಲ್ಲಿ ಯಾರ ಗೂಡು ಯಾವ ಜಾಲರೀಲಿದೆ ಅಂತನಾದ್ರೂ ಗೊತ್ತಾಗುತ್ತೆ" ಎಂದು ನಕ್ಕರು. ಅಪ್ಪ, "ನಿಮ್ ಮಿಷನ್ನು ಹಾಕೋ ಕಪ್ಪು ಗೀಟು ಮೊದ್ಲು ಹೋಗಿಸ್ರಿ ಸಾಹೇಬ್ರೇ, ಆಮೇಲೆ ನಮ್ದು ನೋಡೀರಂತೆ" ಎಂದರು.

ನಾಲ್ಕು ದಿನದಲ್ಲಿ ಎಲ್ಲವೂ ಫೋಲ್ಡರುಗಳಿಗೆ ಹೋದವು. ಪದೇ ಪದೇ ಬರುವ ವಾಕ್ಯಗಳಿಗೆ ಸಂಕ್ಷೇಪಗಳನ್ನು ಇಟ್ಟುಕೊಟ್ಟೆ. 'ಸ್ವಇ' ಎಂದು ಒತ್ತಿದರೆ 'ನನ್ನ ಸ್ವ-ಇಚ್ಛೆಯಿಂದ, ಯಾರ ಒತ್ತಾಯವಾಗಲಿ' ಎಂಬ ಸಾಲು ಪೂರ್ತಿ ತಾನಾಗಿ ಮೂಡುತ್ತದೆ. ಅಪ್ಪ ಅದನ್ನು ಏಳೆಂಟು ಸಲ ಒತ್ತಿ ನೋಡಿ ಮಕ್ಕಳಂತೆ ಖುಷಿಪಟ್ಟರು. ಕೊನೆಗೆ ಇನ್ನೊಂದು ಚಿಕ್ಕ ಆಪ್ ಹಾಕಿದೆ. ನಾವು ಕಾಪಿ ಮಾಡಿದ್ದನ್ನು, ಕಟ್ ಮಾಡಿದ್ದನ್ನು ಒಂದು ಪಟ್ಟಿಯಲ್ಲಿ ಉಳಿಸಿಡುವ ಆಪ್ ಅದು. ಸಾಮಾನ್ಯವಾಗಿ ಕಂಪ್ಯೂಟರಿಗೆ ಕೊನೆಯದಾಗಿ ಕಾಪಿ ಮಾಡಿದ ಒಂದೇ ತುಣುಕು ನೆನಪಿರುತ್ತದೆ. ಇದಿದ್ದರೆ ಹಿಂದಿನವೆಲ್ಲ ಗಂಟೆ ನಿಮಿಷದ ಸಮೇತ ಸಿಗುತ್ತವೆ. ಒಂದು ಚಕ್ಕುಬಂದಿಯನ್ನು ನಾಲ್ಕು ಪತ್ರಕ್ಕೆ ಹಾಕುವ ಅಪ್ಪನಿಗೆ ಉಪಯೋಗವಾದೀತು ಎಂದುಕೊಂಡೆ. ಅಪ್ಪನಿಗೆ ಹೇಳಿದ್ದೆನೇ? 'ಕಾಪಿ ಮಾಡಿದ್ದು ಸಿಗುತ್ತೆ' ಎಂದು ಮಾತ್ರ ಹೇಳಿದ ನೆನಪು.

ನಾನು ಗಮನಿಸದೆ ಬಿಟ್ಟದ್ದು ಅಪ್ಪನ ಒಂದು ಅಭ್ಯಾಸ. ಅವರು ಏನನ್ನೂ ಅಳಿಸುವುದಿಲ್ಲ. ಕಂಪ್ಯೂಟರ್ ಕಲಿತ ಹೊಸದರಲ್ಲಿ ಡಿಲೀಟ್ ಒತ್ತಿ ಇಡೀ ಒಂದು ಪುಟ ಕಳೆದುಕೊಂಡಿದ್ದರಂತೆ. ಪಾರ್ಟಿ ಎದುರಿಗೇ ಕೂತಿತ್ತು. ಆಗ ಟೈಪಿಂಗ್ ಹೇಳಿಕೊಟ್ಟವರು, ಬೇಡವಾದದ್ದನ್ನು ಕಟ್ ಮಾಡಿ, ತಪ್ಪಾದರೆ ಮತ್ತೆ ತಂದು ಅಂಟಿಸಬಹುದು ಎಂದರಂತೆ. ಅಂದಿನಿಂದ ಒಂದು ಪದ ಬೇಡವಾದರೂ ಅಪ್ಪ ಅದನ್ನು ಗುರುತು ಮಾಡಿ ಕಟ್ ಮಾಡುತ್ತಾರೆ. ಅಂದರೆ ಅವರು ಬೇಡವೆಂದು ತೆಗೆದ ಪ್ರತಿಯೊಂದು ಮಾತೂ ನಾನು ಹಾಕಿದ ಪಟ್ಟಿಗೆ ಹೋಗಿ ಸೇರುತ್ತಿತ್ತು.

ಆಪ್ ಹಾಕಿ ವಾರವಾದ ಮೇಲೆ, ಆ ಮಧ್ಯಾಹ್ನ ನಾನು ಪಟ್ಟಿ ತೆರೆದದ್ದು ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು. ಮೇಲಿನಿಂದ ಮೂರನೆಯ ತುಣುಕು ನನ್ನದು.

ಕೆಳಕ್ಕೆ ಸರಿಸಿದೆ. ಸಾದಲಿಯ ಜಮೀನಿನ ಸರ್ವೆ ನಂಬರು. ತಾತನ ಕಾಲದ ಎರಡು ಎಕರೆ, ಹಿಪ್ಪುನೇರಳೆ ತೋಟ. ಪಹಣಿ ಅಪ್ಪನ ಹೆಸರಿನಲ್ಲಿದೆ, ಸೊಪ್ಪು ಬೆಳೆದು ರೇಷ್ಮೆಹುಳು ಸಾಕುತ್ತಿರುವವನು ನನ್ನ ಅಣ್ಣ. ಅಲ್ಲೇ ಇದ್ದಾನೆ. ಆ ತೋಟದಲ್ಲಿ ನನಗಿರುವ ಹಕ್ಕನ್ನೆಲ್ಲ ಅಣ್ಣನಿಗೆ ಬಿಟ್ಟುಕೊಟ್ಟಿದ್ದೇನೆ, ಇನ್ನು ಮುಂದೆ ನಾನಾಗಲಿ ನನ್ನ ವಾರಸುದಾರರಾಗಲಿ ಕೇಳುವುದಿಲ್ಲ ಎಂದು ಪತ್ರ. ಇದಕ್ಕೆ ಬದಲಾಗಿ ನನಗೆ ಏನು ಸಂದಿದೆ ಎಂಬ ಜಾಗದಲ್ಲಿ ಒಂದು ವಾಕ್ಯ: 'ನನ್ನ ತಂದೆಯವರು ನನಗೆ ಸ್ನಾತಕೋತ್ತರ ಪದವಿಯವರೆಗೆ ವಿದ್ಯಾಭ್ಯಾಸ ಮಾಡಿಸಿದ್ದು, ಅದನ್ನೇ ನನ್ನ ಭಾಗವೆಂದು ಸಂತೋಷದಿಂದ ಒಪ್ಪಿರುತ್ತೇನೆ.'

ಓದು ನನ್ನ ಭಾಗವಾಗಿತ್ತೇ? ಮೈಸೂರಿನ ಹಾಸ್ಟೆಲಿಗೆ ನನ್ನನ್ನು ಬಿಡಲು ಬಂದ ದಿನ ಅಪ್ಪ ನನ್ನ ಟ್ರಂಕನ್ನು ತಾವೇ ಹೊತ್ತು ಮೂರು ಮಹಡಿ ಹತ್ತಿದ್ದರು. ಆ ದಿನ ನಾನು ಎರಡು ಎಕರೆಯಲ್ಲಿನ ನನ್ನ ಪಾಲನ್ನು ಪಡೆದುಕೊಳ್ಳುತ್ತಿದ್ದೇನೆಂದು ನನಗೆ ತಿಳಿದಿರಲಿಲ್ಲ.

ಆದರೆ ಆ ವಾಕ್ಯ ಒಂದೇ ಆಗಿರಲಿಲ್ಲ. ಕೆಳಗೆ ಅದೇ ವಾಕ್ಯ ಬೇರೆ ಬೇರೆ ರೂಪದಲ್ಲಿ ಒಂಬತ್ತು ಕಡೆ ಇತ್ತು. 'ಸಂತೋಷದಿಂದ' ಇಲ್ಲದ್ದು. 'ನನ್ನ ಭಾಗವೆಂದು' ಎಂಬಲ್ಲಿ 'ನನ್ನ ಭಾಗಕ್ಕೆ ಸಮನಾಗಿ' ಎಂದಿದ್ದದ್ದು. ವಿದ್ಯಾಭ್ಯಾಸದ ಮಾತೇ ಇಲ್ಲದೆ ಬರೀ 'ಅರಿಶಿನ ಕುಂಕುಮಕ್ಕೆ' ಎಂದಿದ್ದದ್ದು. ಮೂರು ದಿನ ಅಪ್ಪ ಈ ಒಂದು ವಾಕ್ಯದೊಡನೆ ಗುದ್ದಾಡಿದ್ದರು. ಎಲ್ಲಕ್ಕಿಂತ ಕೆಳಗೆ, ಮೊದಲ ದಿನ ಬೆಳಗ್ಗೆ ಕತ್ತರಿಸಿದ್ದು ಇದು: 'ಸದರಿ ಸ್ವತ್ತಿನ ಪೈಕಿ ಬಾವಿಯ ಪೂರ್ವಕ್ಕಿರುವ ಹತ್ತು ಗುಂಟೆಯನ್ನು ನನಗಾಗಿ ಉಳಿಸಿಕೊಂಡು.'

ಹತ್ತು ಗುಂಟೆ. ಬರೆದಿದ್ದರು. ಆಮೇಲೆ ತೆಗೆದಿದ್ದರು.

ಇದರ ನಡುವೆ ಇನ್ನೊಂದು ತುಣುಕು ಕಣ್ಣಿಗೆ ಬಿತ್ತು. ನಮ್ಮ ಬೀದಿಯಲ್ಲೇ ಇರುವ ಒಬ್ಬ ಹಿರಿಯರ ಉಯಿಲು. ತಮ್ಮ ಮಕ್ಕಳಲ್ಲಿ ಯಾರನ್ನು ಬಿಟ್ಟಿದ್ದರು, ಏಕೆ ಬಿಟ್ಟಿದ್ದರು ಎಂಬುದನ್ನು ಎರಡು ಸಾಲಿನಲ್ಲಿ ಬರೆಸಿದ್ದರು. ನಾನು ಆ ಎರಡೂ ಸಾಲನ್ನು ಓದಿ ಮುಗಿಸಿದ ಮೇಲೆಯೇ ಏನು ಮಾಡುತ್ತಿದ್ದೇನೆಂದು ಹೊಳೆದದ್ದು. ಆ ಮನೆಯವರು ದಿನವೂ ನನ್ನನ್ನು ನೋಡಿ ನಗುತ್ತಾರೆ. ನನ್ನ ಡೈರಿಗೆ ಬೀಗ ಹಾಕಿಡುವವಳು ನಾನು.

ಅಷ್ಟರಲ್ಲಿ ಅಪ್ಪ ಬಗ್ಗಿ ಷಟರಿನ ಕೆಳಗಿನಿಂದ ಒಳಗೆ ಬಂದರು.

"ಯಾಕಮ್ಮ ಎಳ್ದಿದೀಯ? ಬಿಸಿಲು ಹೊಡೀತಿತ್ತಾ?"

ನಾನು ಮಾನಿಟರನ್ನು ಅವರ ಕಡೆ ತಿರುಗಿಸಿದೆ. ಅಪ್ಪ ಓದಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ಓದಿದರು.

"ಇದು ಎಲ್ಲಿತ್ತು? ನಾನು ತೆಗ್ದು ಹಾಕಿದ್ನಲ್ಲ."

"ತೆಗ್ದಿದ್ದು ಇಲ್ಲಿ ಉಳ್ಕೊಳುತ್ತೆ ಅಪ್ಪ."

"ಎಲ್ಲಾನಾ?"

"ಎಲ್ಲಾನೂ."

"ಪಾರ್ಟಿಗಳ್ದೂ?"

ಈ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಹೂಂ ಎಂದೆ. ಅಪ್ಪನ ಮುಖ ಅಷ್ಟು ಬಿಳಿಚಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಸ್ಟೂಲಿನ ಮೇಲೆ ಕೂತುಬಿಟ್ಟರು.

"ಈ ಟೇಬಲ್ ಮುಂದೆ ಕೂತು ಜನ ಏನೇನು ಹೇಳ್ತಾರೆ ಗೊತ್ತೇನಮ್ಮ ನಿಂಗೆ? ಒಂದು ಮಾತು ನಿಮ್ಮಮ್ಮನಿಗೂ ಹೇಳಿಲ್ಲ ನಾನು ಇವತ್ತಿನವರ್ಗೂ. ನೀನು ಎಲ್ಲಾನೂ ಒಂದು ಡಬ್ಬೀಲಿ ತುಂಬಿಟ್ಟಿದೀಯಲ್ಲಮ್ಮ. ಓದಿದ್ಯಾ?"

"ಒಂದು ಓದ್ದೆ. ತಪ್ಪಾಯ್ತು."

ಹೊರಗೆ ಯಾರೋ ತೆಲುಗಿನಲ್ಲಿ ಸ್ಟಾಂಪ್ ಪೇಪರ್ ಎಲ್ಲಿ ಸಿಗುತ್ತದೆಂದು ಸಾಹೇಬರನ್ನು ಕೇಳುತ್ತಿದ್ದರು. ಆಮೇಲೆ ನಾನು ಕೇಳಿದೆ.

"ನಂದು ಯಾವಾಗ ಹೇಳ್ಬೇಕು ಅಂತಿದ್ರಿ?"

"ಹೇಳ್ತಿದ್ದೆ."

"ಯಾವಾಗ?"

"ಸಹಿ ದಿನ." ಅಪ್ಪ ನನ್ನ ಮುಖ ನೋಡಲಿಲ್ಲ. "ಹೆಣ್ಮಕ್ಕಳಿಗೆಲ್ಲ ಹಂಗೇ ಅಲ್ವೇನಮ್ಮ? ಮನೆಗೆ ಕರೀತಾರೆ, ಊಟ ಹಾಕ್ತಾರೆ, ಸೀರೆ ಉಡಿಸ್ತಾರೆ, ಕರ್ಕೊಂಡು ಬರ್ತಾರೆ."

ಅದು ನಿಜ. ನಮ್ಮ ಅಂಗಡಿಯ ಮುಂದಿನ ಬೆಂಚಿನಲ್ಲಿ ಅಂಥ ಹೆಂಗಸರನ್ನು ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಮಡಿಕೆ ಬಿಡದ ಹೊಸ ಸೀರೆ, ತಲೆ ತುಂಬ ಹೂವು. ಒಳಗೆ ಹೆಸರು ಕೂಗಿದರೆ ಅಣ್ಣನೋ ತಮ್ಮನೋ ಎಬ್ಬಿಸಿ ಕರೆದುಕೊಂಡು ಹೋಗುತ್ತಿದ್ದ. ಮದುವೆ ಮನೆಯವರೆಂದೇ ನಾನು ಬಹಳ ಕಾಲ ತಿಳಿದಿದ್ದೆ. ನನಗೂ ಒಂದು ಸೀರೆ ಬರಲಿತ್ತು.

"ಹತ್ತು ಗುಂಟೆ ಯಾಕೆ ಬರೆದ್ರಿ ಮತ್ತೆ?"

"ಮನಸ್ಸಿಗೆ ಬಂತು, ಬರ್ದೆ."

"ಯಾಕೆ ತೆಗೆದ್ರಿ?"

ಅಪ್ಪ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. "ಹತ್ತು ಗುಂಟೆ ನಿಂದು ಅಂತ ಬರೆದ್ರೆ, ಮಿಕ್ಕಿದ್ರಲ್ಲೂ ನಿಂದು ಇದೆ ಅಂತ ನಿಂಗೆ ಗೊತ್ತಾಗ್ತಿತ್ತಲ್ಲಮ್ಮ."

ಅವರು ಇದನ್ನು ಸುಳ್ಳು ಹೇಳಿ ಮುಚ್ಚಿಹಾಕಬಹುದಿತ್ತು. ಹಾಗೆ ಮಾಡದೆ ನೇರವಾಗಿ ಹೇಳಿದ್ದು ನನ್ನನ್ನು ಇನ್ನಷ್ಟು ಅಲುಗಿಸಿತು. ಕಾನೂನು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬೇರೆ ಮನೆಯ ಹೆಣ್ಣುಮಕ್ಕಳು ಬಂದರೆ, "ಓದಿ ನೋಡಿ ಸಹಿ ಹಾಕಮ್ಮ" ಎಂದು ಅವರೇ ಹೇಳುವುದನ್ನು ನಾನು ಕಿವಿಯಾರೆ ಕೇಳಿದ್ದೆ.

"ನಾನು ಸಹಿ ಹಾಕಲ್ಲ ಅಪ್ಪ," ಎಂದೆ. ಆ ನಾಲ್ಕು ಪದ ಹೇಳಲು ನನಗೆ ಎಷ್ಟು ಉಸಿರು ಬೇಕಾಯಿತೆಂದರೆ, ಮುಗಿಸಿದ ಮೇಲೆ ಕೆಮ್ಮು ಬಂತು.

ಅಪ್ಪ ನೀರಿನ ಬಾಟಲಿ ಮುಂದೆ ತಳ್ಳಿದರು. "ಮೊದ್ಲು ಆ ಡಬ್ಬಿ ಖಾಲಿ ಮಾಡು" ಎಂದರು.

ಪಟ್ಟಿಯನ್ನೆಲ್ಲ ಅಳಿಸಲು ಅದರಲ್ಲಿ ಒಂದೇ ಗುಂಡಿ ಇದೆ. ಒತ್ತಿದರೆ ಉಯಿಲೂ ಹೋಗುತ್ತದೆ, ಹತ್ತು ಗುಂಟೆಯೂ ಹೋಗುತ್ತದೆ. ನನ್ನ ತುಣುಕುಗಳನ್ನು ಮಾತ್ರ ಬೇರೆ ತೆಗೆದಿಟ್ಟುಕೊಳ್ಳಬಹುದಿತ್ತು. ಫೋನು ಕೈಯಲ್ಲೇ ಇತ್ತು, ಒಂದು ಫೋಟೋ ಸಾಕಿತ್ತು. ಅಪ್ಪ ನೋಡುತ್ತಿದ್ದರು. ಬೇಡ ಎನ್ನಲಿಲ್ಲ. ನಾನು ತೆಗೆಯಲಿಲ್ಲ. ಒತ್ತಿದೆ, ಆಮೇಲೆ ಆ ಆಪನ್ನೇ ಕಂಪ್ಯೂಟರಿನಿಂದ ಕಿತ್ತುಹಾಕಿದೆ.

ಮನೆಯಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನೂ ಎದುರಿಗೆ ಕೂತು ಸುಲಿಯತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಪತ್ರದ ವಿಷಯ ಹೇಳಿದೆ. ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ.

"ನಿಮ್ಮಣ್ಣ ಹುಳು ಮನೆ ಕಟ್ಟಿಸ್ಬೇಕಂತೆ ಕಣೇ. ಖಾತೆ ಅವನ ಹೆಸರಿಗೆ ಬೇಕಂತೆ."

"ನಿಂಗೆ ಗೊತ್ತಿತ್ತಾ?"

"ಗೊತ್ತಿರದೇನು. ಸೀರೆ ತಂದಿಟ್ಟಿದೀನಿ, ಬೀರೂಲಿದೆ. ನಿಂಗೆ ಗಾಢ ಬಣ್ಣ ಆಗಲ್ಲ ಅಂತ ತಿಳಿ ಬಣ್ಣದ್ದೇ ತಂದೆ." ಕೈ ನಿಲ್ಲಿಸದೆ ಮುಂದುವರಿಸಿದಳು. "ನಂಗೂ ಕೊಟ್ಟಿದ್ರು ಚಿಂತಾಮಣೀಲಿ. ಗುಲಾಬಿ ಬಣ್ಣದ್ದು. ನಮ್ಮಣ್ಣಂದ್ರು ಕರ್ಸಿದ್ರು. ಆ ಪತ್ರಾನೂ ನಿಮ್ಮಪ್ಪನೇ ಬರೆದಿದ್ದು."

ಕಾಯಿ ನನ್ನ ಕೈಯಿಂದ ಜಾರಿತು.

"ಅಪ್ಪ ಬರೆದ್ರಾ? ನಿಂದನ್ನ?"

"ಮತ್ತಿನ್ಯಾರು ಬರೀತಾರೆ? ಹೊರಗಿನವರಿಗೆ ಯಾಕೆ ದುಡ್ಡು ಕೊಡೋದು ಅಂತ."

"ಅದ್ರಲ್ಲಿ ಏನಿತ್ತು?"

"ನಂಗೇನೇ ಗೊತ್ತು." ಅಮ್ಮ ಈಗ ಕೈ ನಿಲ್ಲಿಸಿದಳು. "ಓದ್ಲಿಲ್ಲ ನಾನು. ನಿಮ್ಮಪ್ಪ ಬರೆದಿರೋದನ್ನ ನಾನ್ಯಾಕೆ ಓದ್ಲಿ?" ಎಂದು ನಕ್ಕಳು. ನಗು ಪೂರ್ತಿ ಆಗಲಿಲ್ಲ. ಸ್ವಲ್ಪ ಹೊತ್ತಿಗೆ, "ನೀನು ಹಾಕ್ಬೇಡ ಬಿಡು," ಎಂದಳು, ಉಪ್ಪು ಕಡಿಮೆ ಹಾಕು ಎನ್ನುವಷ್ಟೇ ಸಲೀಸಾಗಿ. ಆ ಸೀರೆಯ ಬಗ್ಗೆ ಇಬ್ಬರೂ ಮತ್ತೆ ಮಾತಾಡಲಿಲ್ಲ.

ಭಾನುವಾರ ಅಣ್ಣ ಬಂದ. ಹುಳು ನಾಲ್ಕನೇ ಜ್ವರಕ್ಕೆ ಹೋಗಿದ್ದವು. ಪೊರೆ ಬಿಡುವ ಆ ಒಂದು ದಿನ ಅವು ಸೊಪ್ಪು ಮುಟ್ಟುವುದಿಲ್ಲ, ಸಾಕುವವರಿಗೂ ಅದೇ ಬಿಡುವು. ಬೈಕು ನಿಲ್ಲಿಸಿ ಒಳಗೆ ಬಂದವನಿಗೆ ಅಪ್ಪನೇ ಹೇಳಿದರು.

"ಅವಳು ಸಹಿ ಹಾಕಲ್ವಂತೆ. ನಾನು ಹಾಕು ಅನ್ನಲ್ಲ."

ಅಣ್ಣ ನನ್ನನ್ನು ನೋಡಿದ, ಅಪ್ಪನನ್ನು ನೋಡಿದ. "ಆಗ್ಲೇ ಒಪ್ಪಿದಾಳೆ ಅಂದ್ರಲ್ಲ ನೀವು!"

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಅಪ್ಪನ ಕಡೆ ತಿರುಗಿದೆ.

"ಅವಳು ಯಾವತ್ತು ಯಾವುದನ್ನ ಬೇಡ ಅಂದಿದಾಳೆ?" ಎಂದರು ಅಪ್ಪ. ಅವರ ದನಿಯಲ್ಲಿ ಕೋಪವಿರಲಿಲ್ಲ. ಅದು ಅವರಿಗೆ ನಿಜವಾಗಿಯೂ ಒಂದು ಒಪ್ಪಿಗೆಯಾಗಿಯೇ ಕಂಡಿತ್ತು.

"ಕೇಳಿದ್ರೆ ತಾನೆ ಅನ್ನೋದು," ಎಂದೆ.

"ನಿನ್ ಹತ್ರ ಕೇಳೋದು ಅಂದ್ರೆ ಲೈಬ್ರರೀಲಿ ಮಾತಾಡ್ದಂಗೆ ಕಣೇ," ಅಣ್ಣ ಕುರ್ಚಿ ಎಳೆದುಕೊಂಡ. "ಬಾಯಿ ಬಿಟ್ರೆ ಎಲ್ಲಿ ಆಚೆಗೆ ಕಳಿಸ್ತೀಯೋ ಅಂತ ಭಯ. ಬರ್ತೀಯ, ಊಟ ಮಾಡ್ತೀಯ, ಆ ಲ್ಯಾಪ್‌ಟಾಪಿನಲ್ಲಿ ಫೋಲ್ಡರಿಗೆ ಬಣ್ಣ ಬಳೀತಾ ಕೂತ್ಕೊತೀಯ. ಇವಳಿಗೆ ತೋಟ ಬೇಕು ಅಂತ ಯಾವನಿಗೆ ಗೊತ್ತಾಗುತ್ತೆ?"

"ಬೇಕು," ಎಂದೆ.

"ಏನು ಮಾಡ್ತೀಯ? ಸೊಪ್ಪು ಕುಯ್ತೀಯಾ?"

"ನೀನೇ ಕುಯ್ಯಿ. ನನ್ನ ಹೆಸರು ಇರಲಿ."

ಅವನು ಕೋಪದಲ್ಲೇ ನಕ್ಕ. ಆಮೇಲೆ ಗಂಭೀರನಾದ. ಈಗಿರುವ ಹುಳು ಮನೆಗೆ ಶೀಟು ಹೊದಿಸಿದೆ, ಬೇಸಿಗೆಯಲ್ಲಿ ಕಾವು ತಡೆಯದೆ ಹುಳು ಸಾಯುತ್ತವೆ, ಹೊಸ ಮನೆಗೆ ರೇಷ್ಮೆ ಇಲಾಖೆಯ ಸಹಾಯಧನ ಕೇಳಿ ಅರ್ಜಿ ಹಾಕಬೇಕಾದರೆ ಖಾತೆಯಲ್ಲಿ ಅವನ ಹೆಸರಿರಬೇಕು. ಅದು ಸುಳ್ಳಲ್ಲ. ಕಳೆದ ಬೇಸಿಗೆಯಲ್ಲಿ ಅವನು ಗೋಣಿಚೀಲ ನೆನೆಸಿ ನೆನೆಸಿ ಕಿಟಕಿಗೆ ಕಟ್ಟುವುದನ್ನು ನಾನೇ ನೋಡಿದ್ದೆ. ಆ ಮನೆಗೆ ನಾನು ಅಡ್ಡ ನಿಂತವಳಾಗುವುದು ನನಗೆ ಬೇಕಿರಲಿಲ್ಲ.

"ಇಬ್ಬರ ಹೆಸರಿಗೂ ಜಂಟಿಯಾಗಿ ಆದ್ರೆ ಅರ್ಜಿ ಹಾಕಕ್ಕಾಗಲ್ವಾ ಅಪ್ಪ?"

ಅಪ್ಪ ತಮ್ಮ ವೃತ್ತಿಯ ದನಿಗೆ ಮರಳಿದರು. "ಆಗುತ್ತೆ. ಪ್ರತಿ ಕಾಗದಕ್ಕೂ ಇಬ್ರೂ ಸಹಿ ಹಾಕ್ಬೇಕು, ಕರೆದಾಗ ಇಬ್ರೂ ಹೋಗ್ಬೇಕು."

"ಇವಳು ಕಾಲೇಜಿಗೆ ರಜ ಹಾಕಿ ಬರ್ತಾಳಾ ಪ್ರತಿ ಸಲ? ಬರ್ತೀಯೇನೇ?"

"ಬರ್ತೀನಿ."

"ನೋಡಣ," ಎಂದ ಅಣ್ಣ. ಊಟಕ್ಕೆ ನಿಲ್ಲಲಿಲ್ಲ. ಅಮ್ಮ ಡಬ್ಬಿಗೆ ಸಾರು ಹಾಕಿ ಕಳಿಸಿದಳು.

ಅಣ್ಣ ಒಪ್ಪಿದ ಮೇಲೆ, ತೋಟವನ್ನು ಇಬ್ಬರ ಹೆಸರಿಗೂ ಜಂಟಿಯಾಗಿ ಮಾಡುವ ಹೊಸ ಪತ್ರ ಅಪ್ಪನೇ ಬರೆದರು. ಎದುರಿಗೆ ಕೂತು ಒಂದೊಂದೇ ಸಾಲನ್ನು ಓದಿದೆ. ಎರಡು ಕಡೆ ಅರ್ಥವಾಗಲಿಲ್ಲ, ಕೇಳಿದೆ. ಬೇರೆ ಪಾರ್ಟಿಗೆ ಹೇಳುವಂತೆಯೇ ಬಿಡಿಸಿ ಹೇಳಿದರು. ವಿದ್ಯಾಭ್ಯಾಸದ ಮಾತು ಅದರಲ್ಲಿರಲಿಲ್ಲ. ಆ ವಾಕ್ಯವನ್ನು ಮರೆಯುತ್ತೇನೆಂದುಕೊಂಡಿದ್ದೆ. ಆಗಿಲ್ಲ. ಈಗಲೂ ಕಾಲೇಜಿನಲ್ಲಿ ಪುಸ್ತಕಕ್ಕೆ ಸಂಖ್ಯೆ ಬರೆಯುವಾಗ ಒಮ್ಮೊಮ್ಮೆ ಅದು ಎದ್ದು ಬಂದು ನಿಲ್ಲುತ್ತದೆ, ಒಂಬತ್ತು ರೂಪದಲ್ಲಿಯೂ.

ಹುಳು ಮನೆಯ ಅರ್ಜಿ ಕೊಡಲು ಅಣ್ಣ, ನಾನು ಇಬ್ಬರೂ ಒಂದು ಬುಧವಾರ ರೇಷ್ಮೆ ಇಲಾಖೆಯ ಕಚೇರಿಗೆ ಹೋದೆವು. ನಾನು ಅರ್ಧ ದಿನದ ರಜೆ ಹಾಕಿದ್ದೆ. ಬಾಗಿಲಿನವರೆಗೂ ಜನ, ಎಲ್ಲ ರೇಷ್ಮೆಯವರೇ, ಅವರಲ್ಲಿ ಹೆಂಗಸು ನಾನೊಬ್ಬಳೇ. ಮೇಜಿನ ಹಿಂದಿದ್ದ ನೌಕರರು ಕಾಗದ ತಿರುವಿ, ತಲೆಯೆತ್ತದೆ, "ಜಂಟಿ ಖಾತೆದಾರರು ಬಂದಿದಾರೇನ್ರಿ? ಎಲ್ಲಿದಾರೆ?" ಎಂದು ಕೇಳಿದರು.

ಅಣ್ಣ ಬಾಯಿ ತೆರೆಯುವ ಮೊದಲೇ, "ನಾನೇ," ಎಂದೆ. ನನ್ನ ದನಿ ನಾನೆಂದುಕೊಂಡದ್ದಕ್ಕಿಂತ ಬಹಳ ಜೋರಾಗಿತ್ತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಣ್ಣ ಬೆಚ್ಚಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಆ ಜಾಗಕ್ಕೆ ಹೋಗಿ ನಿಂತು ನಾನು ಪೆನ್ನು ತೆಗೆದುಕೊಂಡೆ.